ಹೊಲಿದು ಮುಚ್ಚಿದ ಜೇಬು

ಫೆಬ್ರವರಿ 3, ಸೋಮವಾರ. ಸಂಜೆ 4:20

ಅಕ್ಕನ ಫೋನು ಮುಗಿಯಿತು. ಆರೂವರೆ ನಿಮಿಷ.

"ಊಟ ಆಯ್ತಾ?" "ಆಯ್ತು." "ಏನ್ ಸಮಾಚಾರ?" "ಏನಿಲ್ಲ. ಎಲ್ಲ ಮಾಮೂಲು." ಮಂಡಿ ನೋವು ಹೇಗಿದೆ ಕೇಳಿದೆ. ಇದೆ ಅಂದಳು. ಭಾವ ಹೇಗಿದ್ದಾರೆ ಕೇಳಿದೆ. ಇದ್ದಾರೆ ಅಂದಳು. ಆಮೇಲೆ ಇಬ್ಬರೂ ಬಿಸಿಲಿನ ಬಗ್ಗೆ ಮಾತಾಡಿದೆವು. ಬಿಸಿಲಿಗೆ ನಾನೇನೂ ದ್ರೋಹ ಮಾಡಿಲ್ಲವಲ್ಲ, ಅದೊಂದು ವಿಷಯ ಉಳಿದಿದೆ.

ಮಿಷನ್ ನಿಲ್ಲಲಿಲ್ಲ.

ಹತ್ತೊಂಬತ್ತು ವರ್ಷಗಳಿಂದ ನಾಲ್ಕು ಗಂಟೆಗೆ ಫೋನು. ಆ ಹೊತ್ತಿಗೆ ಅಕ್ಕನ ಅಂಗಡಿಯಲ್ಲಿ ಗಿರಾಕಿಗಳು ಕಡಿಮೆ. ಹೊಸ ಬಟ್ಟೆ ಹೊಲಿಯುವ ಅಂಗಡಿಯಲ್ಲ ಅದು. ಇರುವ ಬಟ್ಟೆಯನ್ನು ಬಿಗಿ ಮಾಡುವುದು, ಸಡಿಲ ಮಾಡುವುದು, ಉದ್ದ ಇಳಿಸುವುದು, ಜಿಪ್ ಬದಲಿಸುವುದು. ಫೋನನ್ನು ದಾರದ ಡಬ್ಬಿಗೆ ಒರಗಿಸಿ, ಸ್ಪೀಕರಿಗೆ ಹಾಕಿ, ಹೊಲಿಯುತ್ತಲೇ ಮಾತಾಡುತ್ತಾಳೆ. ಹೇಳುವಂಥದ್ದು ಬಂದಾಗ ಕಾಲು ತೆಗೆಯುತ್ತಾಳೆ. ಸದ್ದು ನಿಲ್ಲುತ್ತದೆ. "ಬಾಲ, ಕೇಳಿಲ್ಲಿ" ಎನ್ನುತ್ತಾಳೆ. ಚಿಕ್ಕಂದಿನಲ್ಲಿ ಅವಳು ಹೋದಲ್ಲೆಲ್ಲ ಬಟ್ಟೆಯ ತುದಿ ಹಿಡಿದು ಹಿಂದೆ ಹೋಗುತ್ತಿದ್ದೆನಂತೆ, ಅದಕ್ಕೆ ಬಿದ್ದ ಹೆಸರು. ಐವತ್ತಮೂರು ತುಂಬಿದರೂ ಬಾಲವೇ.

ನನ್ನ ಮೂರು ಕಾದಂಬರಿಗಳೂ ಆ ಮಿಷನ್ ನಿಂತಾಗ ಹುಟ್ಟಿದವು. ಇದನ್ನು ಯಾವ ಸಂದರ್ಶನದಲ್ಲೂ ಹೇಳಿಲ್ಲ.

ಕೊನೆಯ ಸಲ ನಿಂತದ್ದು ಡಿಸೆಂಬರ್ ಹದಿನೇಳು. ಆಮೇಲೆ ಒಂದು ದಿನವೂ ಫೋನು ತಪ್ಪಿಲ್ಲ. ಒಂದು ದಿನವೂ ಮಿಷನ್ ನಿಂತಿಲ್ಲ. ಬಾಲ ಅಂತಲೂ ಕರೆದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 4, ಮಂಗಳವಾರ

ಬೆಳಗ್ಗೆ ಪ್ರೆಸ್ಸಿನಲ್ಲಿ ಶಾಲೆಯ ಭೂಗೋಳದ ಕರಡು. ನೂರಾ ನಲವತ್ತು ಪುಟ. ಒಂದು ನದಿ ಎರಡು ಕಡೆ ಹರಿಯುತ್ತಿತ್ತು, ಒಂದು ಕಡೆ ನಿಲ್ಲಿಸಿದೆ. ಕರಡು ತಿದ್ದುವುದು ಹೊಟ್ಟೆಗೆ, ಮಧ್ಯಾಹ್ನದ ಬರವಣಿಗೆ ಹೆಸರಿಗೆ ಎಂದು ಭಾವನ ತಮಾಷೆ.

ಕಾಲೇಜಿನಿಂದ ಕಾಗದ. ಇಪ್ಪತ್ತೆರಡಕ್ಕೆ ಉಪನ್ಯಾಸ. ವಿಷಯ — ಕಥೆ ಎಲ್ಲಿಂದ ಹುಟ್ಟುತ್ತದೆ. ಒಪ್ಪಿಕೊಂಡು ಬರೆದೆ. ಹಳೆಯ ಟಿಪ್ಪಣಿ ಇದೆ: ಒಂಟಿಯಾಗಿ ನಡೆಯುವುದು, ಕಿಟಕಿಯ ಬಳಿ ಕೂರುವುದು, ಅರ್ಧ ನೆನಪಿರುವ ಕನಸು. ಹತ್ತು ವರ್ಷದಿಂದ ಅದನ್ನೇ ಓದುತ್ತಿದ್ದೇನೆ. ನಡೆಯುವಾಗ ನನಗೆ ಹೊಳೆಯುವುದು ಚಪ್ಪಲಿ ಕಚ್ಚುತ್ತಿದೆ ಎಂಬುದು ಮಾತ್ರ.

ನಿಜ ಇರುವುದು ಮೇಜಿನ ಎಡಗಡೆಯ ಡ್ರಾಯರಿನಲ್ಲಿ. ಫೋನು ಮುಗಿದ ಕೂಡಲೇ ಒಂದೊಂದು ಕಾರ್ಡಿಗೆ ಬರೆದು ಹಾಕಿದ್ದು. ಅಕ್ಕ ಗಿರಾಕಿಗಳ ಹೆಸರು ಹೇಳುವುದಿಲ್ಲ. ಹೆಸರು ಹೇಳದಿದ್ದರೆ ಚಾಡಿಯಲ್ಲ ಎಂಬುದು ಅವಳ ಕಾನೂನು. ಅಳತೆಯಿಂದಲೋ ಬಟ್ಟೆಯಿಂದಲೋ ಕರೆಯುತ್ತಾಳೆ. "ಮೂವತ್ತೆಂಟು ಸೊಂಟ" ಬಂದಿದ್ದರು. "ಕಂದು ಕೋಟು" ಬಂದಿದ್ದರು. ಕಂದು ಕೋಟು ಪ್ರತಿ ವರ್ಷ ಬಂದು ಅದೇ ಕೋಟನ್ನು ಅರ್ಧ ಇಂಚು ಒಳಗೆ ಹಿಡಿಸುತ್ತಾರೆ. ತಾನು ಇಳಿಯುತ್ತಿದ್ದೇನೆ ಎನ್ನುವುದಿಲ್ಲ. "ಈ ಬಟ್ಟೆ ಹಿಗ್ತಾ ಇದೆ ಕಣಮ್ಮ" ಎನ್ನುತ್ತಾರೆ. ನನ್ನ ಎರಡನೆಯ ಕಾದಂಬರಿ ಪೂರ್ತಿ ಆ ಒಂದು ವಾಕ್ಯದ ಮೇಲೆ ನಿಂತಿದೆ.

ಅಕ್ಕನ ಕಥೆಗೆ ಎಂದೂ ಕೊನೆ ಇರುವುದಿಲ್ಲ. ಬಟ್ಟೆ ತೆಗೆದುಕೊಂಡು ಹೋದ ಮೇಲೆ ಏನಾಯಿತು ಅವಳಿಗೆ ಗೊತ್ತಿಲ್ಲ. ಅಲ್ಲಿಂದ ಮುಂದೆ ನನ್ನ ಕೆಲಸ. ಆ ಕೋಟು ಮನೆಗೆ ಹೋಯಿತು. ಬಾಗಿಲು ಯಾರು ತೆಗೆದರು? ಅವರಿಗೆ ಏನು ಹೇಳಿದರು? ಏನು ಹೇಳಲಿಲ್ಲ? ಹೀಗೆ ಕೇಳಿಕೊಳ್ಳುತ್ತ ಹೋದರೆ ವರ್ಷದಲ್ಲಿ ಮುನ್ನೂರು ಪುಟ.

ಇದನ್ನು ಉಪನ್ಯಾಸದಲ್ಲಿ ಹೇಳಬಹುದಿತ್ತು. ಅಕ್ಕನ ಹೆಸರು ಬರುತ್ತದೆ ಎಂದು ಹೇಳಲಿಲ್ಲ ಅಂದುಕೊಂಡಿದ್ದೆ. ಈಗ ಅನಿಸುತ್ತದೆ, ನನ್ನ ಹೆಸರು ಹೋಗುತ್ತದೆ ಎಂದು.

ಫೆಬ್ರವರಿ 7, ಶುಕ್ರವಾರ. 4:15

ಇವತ್ತು ಧೈರ್ಯ ಮಾಡಿ ಕೇಳಿದೆ. "ಉದ್ದ ತೋಳಿನವರು ಬಂದಿದ್ರಾ ಅಕ್ಕಾ?"

"ಯಾರು?"

"ಅದೇ... ಉದ್ದ ತೋಳು."

ಮಿಷನ್ ಜೋರಾಯಿತು. ಒಂದು ಉದ್ದದ ಹೊಲಿಗೆ ಪೂರ್ತಿ ಮುಗಿಯುವವರೆಗೆ ಮಾತಿಲ್ಲ. ಆಮೇಲೆ, "ನೀರು ಬಂತು ಅನ್ಸುತ್ತೆ, ಇಡ್ತೀನಿ." ಅಂಗಡಿಯಲ್ಲಿ ನಲ್ಲಿಯೇ ಇಲ್ಲ.

ಬರೆದುಬಿಡುತ್ತೇನೆ. ಇಲ್ಲಾದರೂ ನೆಟ್ಟಗೆ ಬರೆಯಬೇಕು.

ಎರಡು ವರ್ಷದ ಹಿಂದೆ. ಮಿಷನ್ ನಿಂತಿತು. ಒಬ್ಬ ಹೆಂಗಸು ಗಂಡಸರ ಅಂಗಿ ತಂದಿದ್ದರು, ನೀಲಿ ಚೌಕಳಿಯದ್ದು. ಗಂಡ ಹೋಗಿ ಮೂರು ತಿಂಗಳು. ಅಂಗಿಯನ್ನು ತನ್ನ ಅಳತೆಗೆ ಇಳಿಸಿಕೊಡಿ ಎಂದರಂತೆ. ತೋಳು ಮಾತ್ರ ಮುಟ್ಟಬೇಡಿ, ಅವರಷ್ಟೇ ಉದ್ದ ಇರಲಿ, ನಾನು ಮಡಿಸಿಕೊಳ್ಳುತ್ತೇನೆ. ಮತ್ತೆ ಎದೆಯ ಜೇಬು — ಅದರಲ್ಲಿ ಏನೋ ಇದೆ, ತೆಗೆಯಬೇಡಿ, ನಾನೂ ನೋಡಿಲ್ಲ, ನೋಡುವುದಿಲ್ಲ, ಹಾಗೇ ಬಾಯಿ ಹೊಲಿದುಬಿಡಿ. ಅಕ್ಕ ಹೊಲಿದಳು. ಬೆರಳಿಗೆ ತಾಗಿದಾಗ ಕಾಗದದ ಹಾಗಿತ್ತಂತೆ. ಒಗೆದರೆ ಹಾಳಾಗುತ್ತದೆ ಎಂದು ಹೇಳಿದಳಂತೆ. "ಆಗಲಿ ಬಿಡಿ, ಒಳಗೇ ಆಗಲಿ" ಎಂದರಂತೆ ಅವರು.

ಇಷ್ಟು ಹೇಳಿ ಅಕ್ಕ, "ಇದು ಡ್ರಾಯರಿಗಲ್ಲ ಬಾಲ" ಎಂದಳು. ಅಷ್ಟು ವರ್ಷದಲ್ಲಿ ಹಾಗೆ ಹೇಳಿದ್ದು ಅದೊಂದೇ ಸಲ. ಆಗಲಿ ಅಂದೆ.

ಫೋನು ಇಟ್ಟು ಕಾರ್ಡು ತೆಗೆದು ಬರೆದೆ. ಹಿಂದುಗಡೆ "ಇದನ್ನು ಬಳಸಬಾರದು" ಎಂದೂ ಬರೆದೆ. ಕೆಳಗೆ ಗೆರೆ ಎಳೆದೆ. ಮರೆಯಬಾರದು ಎಂದು ಬರೆದದ್ದು ಎಂದು ನನಗೆ ನಾನೇ ಹೇಳಿಕೊಂಡೆ.

ಮೂರನೆಯ ಕಾದಂಬರಿಯಲ್ಲಿ ಎಲ್ಲ ಬದಲಿಸಿದೆ. ಅಂಗಿಯನ್ನು ಕೋಟು ಮಾಡಿದೆ. ಹೆಂಡತಿಯನ್ನು ಮಗಳು ಮಾಡಿದೆ. ಊರಿಗೆ ಬಂದರು ಕಟ್ಟಿದೆ, ಹಡಗು ತರಿಸಿದೆ. ಜೇಬನ್ನು ಮೂರು ಸಲ ಹೊಡೆದುಹಾಕಿದೆ, ಮೂರು ಸಲ ವಾಪಸ್ ತಂದೆ. ಅದಿಲ್ಲದಿದ್ದರೆ ಹಡಗೂ ಬಂದರೂ ಬರೀ ಕಾಗದ. ಸಂಪಾದಕಿ ಓದಿ, "ಮೇಡಂ, ಪುಸ್ತಕ ನಿಂತಿರೋದೇ ಈ ಜೇಬಿನ ಮೇಲೆ" ಎಂದರು. ಮುಖಪುಟಕ್ಕೂ ಅದನ್ನೇ ಹಾಕಿದರು. ಹೊಲಿದು ಮುಚ್ಚಿದ ಒಂದು ಜೇಬು, ಹತ್ತಿರದಿಂದ, ಒಂದೊಂದು ಹೊಲಿಗೆಯೂ ಕಾಣುವ ಹಾಗೆ.

ಡಿಸೆಂಬರ್ ಮಧ್ಯದಿಂದ ಆ ಚಿತ್ರ ಪುಸ್ತಕದಂಗಡಿಗಳ ಗಾಜಿನ ಹಿಂದೆ ಒಂದು ತಿಂಗಳು ಇತ್ತು.

ಫೆಬ್ರವರಿ 8, ಶನಿವಾರ. ಬೆಳಗ್ಗೆ 11

ಭಾವ ಫೋನು ಮಾಡಿದ್ದರು. ಅಕ್ಕ ದಾರ ತರಲು ಹೋಗಿದ್ದಳಂತೆ.

"ನೋಡಮ್ಮ, ನಾನು ಹೇಳ್ದೆ ಅಂತ ಎಲ್ಲೂ ಹೇಳ್ಬೇಡ. ಗೊತ್ತಾದ್ರೆ ನಿಮ್ಮಕ್ಕ ನನ್ನ ಹೊಲಿಗೆ ಬಿಚ್ತಾಳೆ."

ನಮ್ಮ ಮನೆಯಲ್ಲಿ ಎಲ್ಲರೂ ಮಾತು ಶುರು ಮಾಡುವುದೇ ಹೀಗೆ. ಕೇಳುವವಳು ನಾನು ಎಂದು ಗೊತ್ತಿದ್ದೂ.

ಡಿಸೆಂಬರ್ ಹದಿನೆಂಟಕ್ಕೆ ಆ ಹೆಂಗಸು ಬಂದಿದ್ದರಂತೆ. ಅಂಗಿಯನ್ನು ಮಡಿಸಿ ಚೀಲದಲ್ಲಿ ತಂದಿದ್ದರು. ಕೌಂಟರ್ ಮೇಲೆ ಇಟ್ಟರು. "ಜೇಬು ಬಿಚ್ಚಿಕೊಡಿ" ಎಂದರು. ಪುಸ್ತಕದ ಮಾತೇ ಎತ್ತಲಿಲ್ಲ. ಅಕ್ಕ ಏನೋ ಹೇಳಲು ಹೋದಳಂತೆ, ಅವರು ಕೈ ಎತ್ತಿ ಬೇಡ ಎಂದರಂತೆ. ಎದುರಿಗೇ ನಿಂತು ಬಿಚ್ಚಿಸಿಕೊಂಡರು. ಅಕ್ಕನ ಹೊಲಿಗೆ ಗಟ್ಟಿ, ಹತ್ತು ನಿಮಿಷ ಹಿಡಿಯಿತು. ಅವರು ಜೇಬಿನೊಳಗೆ ಕೈ ಹಾಕಲಿಲ್ಲ, ಬಗ್ಗಿ ನೋಡಲೂ ಇಲ್ಲ. ಅಂಗಿ ಮಡಿಸಿಕೊಂಡು ಹೋದರು.

"ಅವತ್ತು ನಿನ್ನ ಫೋನು ಮುಗಿದಿದ್ದೇ ಶಟರ್ ಎಳ್ಕೊಂಡು ಮನೆಗೆ ಬಂದ್ಲು. ನಿಮ್ಮಮ್ಮ ಸತ್ತಾಗಲೂ ಕತ್ತಲಾಗೋವರೆಗೆ ಕೂತಿದ್ದೋಳು" ಎಂದರು ಭಾವ.

ಫೋನು ಇಟ್ಟ ಮೇಲೆ ನೋಡುತ್ತೇನೆ, ಎದುರಿಗೆ ಒಂದು ಕಾರ್ಡು. ಭಾವ ಮಾತಾಡುತ್ತಿದ್ದಾಗಲೇ ನನ್ನ ಕೈ ಡ್ರಾಯರ್ ಎಳೆದು ಬರೆಯಲು ಶುರು ಮಾಡಿದೆ. "ಜೇಬು ಬಿಚ್ಚಿಕೊಡಿ. ಎದುರಿಗೇ ನಿಂತು. ಒಳಗೆ ನೋಡಲಿಲ್ಲ" — ಮೂರು ಸಾಲು. ಅಕ್ಷರ ಕೂಡ ಚೆನ್ನಾಗಿಯೇ ಬಂದಿದೆ.

ಹರಿದು ಹಾಕಿದೆ. ಹರಿದು ಹಾಕಿ ಇಲ್ಲಿ ಎರಡು ಪ್ಯಾರಾ ಬರೆದಿದ್ದೇನೆ. ದಿನಚರಿಯನ್ನು ಯಾರೂ ಓದುವುದಿಲ್ಲ ಎಂದು ಸಮಾಧಾನ. ಕಾರ್ಡುಗಳನ್ನೂ ಯಾರೂ ಓದುವುದಕ್ಕಲ್ಲ ಎಂದೇ ಶುರು ಮಾಡಿದ್ದು.

ಫೆಬ್ರವರಿ 12, ಬುಧವಾರ

ಉದ್ದ ತೋಳಿನವರಿಗೆ ಕಾಗದ ಬರೆಯುತ್ತ ಕೂತಿದ್ದೆ. ಅಕ್ಕನ ಕೈಯಲ್ಲಿ ಕೊಡಿಸಬಹುದು ಎಂದು.

ಮೊದಲನೆಯದು ಒಂದೂವರೆ ಪುಟ, ಬರೀ ಸಮಜಾಯಿಷಿ. ಹರಿದೆ. ಎರಡನೆಯದರಲ್ಲಿ ಸಮಜಾಯಿಷಿ ತೆಗೆದೆ, ಅಳು ಬಂತು. ಹರಿದೆ. ಮೂರನೆಯದು ಚಿಕ್ಕದು. ನಾಲ್ಕನೆಯದು ಬಹಳ ಚೆನ್ನಾಗಿ ಬಂತು. ವಾಕ್ಯಗಳು ಒಂದರ ಹಿಂದೆ ಒಂದು ತಾವಾಗಿ ಕೂತವು, ಕೊನೆಯ ಸಾಲಿನಲ್ಲಿ ಮೊದಲ ಸಾಲು ತಿರುಗಿ ಬಂತು. ಓದಿ ನನಗೇ ಕಣ್ಣು ತುಂಬಿತು. ಆಗ ಗೊತ್ತಾಯಿತು, ಇದು ಕಳಿಸುವಂಥದ್ದಲ್ಲ.

ತಪ್ಪಾಯಿತು ಅನ್ನುವುದಕ್ಕೆ ಒಂದು ಪದ ಸಾಕು. ನನ್ನಿಂದ ಅದೊಂದು ಆಗುವುದಿಲ್ಲ.

ಇನ್ನೊಂದು, ಇದಕ್ಕಿಂತ ಕೆಟ್ಟದ್ದು. ಎರಡು ತಿಂಗಳಿಂದ ಒಂದು ಸಾಲು ಬರೆದಿಲ್ಲ. ನಾಲ್ಕು ಗಂಟೆಗೆ ಫೋನಿನ ಮುಂದೆ ಕೂತಾಗ ಎದೆ ಹೊಡೆದುಕೊಳ್ಳುತ್ತದಲ್ಲ, ಅದು ಅಕ್ಕನಿಗಾಗಿಯೋ ಅಕ್ಕ ಹೇಳಬಹುದಾದದ್ದಕ್ಕಾಗಿಯೋ? ಅಕ್ಕನಿಗಾಗಿ ಎಂದು ಬರೆಯಬೇಕು ಅನಿಸುತ್ತದೆ. ಗೊತ್ತಿಲ್ಲ ಎಂದು ಬರೆಯುತ್ತೇನೆ.

ಫೆಬ್ರವರಿ 15, ಶನಿವಾರ. ಸಂಜೆ

ಹೇಳದೆ ಕೇಳದೆ ಅಂಗಡಿಗೆ ಹೋದೆ. ಎರಡು ಬಸ್ಸು.

ಹಲ್ಲಿನ ಡಾಕ್ಟರ ಮೆಟ್ಟಿಲ ಕೆಳಗಿನ ಒಂದು ಕೋಣೆ. ಬಾಗಿಲ ಪಕ್ಕ ಉದ್ದ ಕನ್ನಡಿ, ಅದರ ಎದುರಿಗೆ ಗಿರಾಕಿಗಳು ಹತ್ತಿ ನಿಲ್ಲುವ ಪುಟ್ಟ ಮಣೆ. ಗೋಡೆಗೆ ಹ್ಯಾಂಗರುಗಳು, ಒಂದೊಂದಕ್ಕೂ ಪಿನ್ನು ಚುಚ್ಚಿದ ಚೀಟಿ. ಮೇಲಿನಿಂದ ಆಗಾಗ ಹಲ್ಲು ಕೊರೆಯುವ ಸದ್ದು. ಅಕ್ಕ ಯಾರದೋ ಪ್ಯಾಂಟಿನ ಕಾಲು ಅಳೆಯುತ್ತಿದ್ದಳು. ಬಾಯಿ ತುಂಬ ಪಿನ್ನು. ನನ್ನನ್ನು ನೋಡಿ ಹುಬ್ಬು ಏರಿಸಿದಳು. ಪಿನ್ನು ಬಾಯಲ್ಲಿದ್ದರೆ ಮಾತಾಡಬೇಕಾಗಿಲ್ಲ, ನನಗೆ ಆ ಉಪಾಯ ಗೊತ್ತು.

ಒಂದೊಂದಾಗಿ ಪಿನ್ನು ಮುಗಿದವು.

"ಬಂದ್ಯಾ. ಕೂತ್ಕೋ. ಕೈ ಖಾಲಿ ಇದ್ರೆ ಗುಂಡಿ ಹೊಲಿ."

ಹೊಲಿದೆ. ಏಳು ಗುಂಡಿ. ಎರಡನ್ನು ಅಕ್ಕ ಏನೂ ಹೇಳದೆ ಕಿತ್ತು ಮತ್ತೆ ಹೊಲಿದಳು.

ಆರು ಗಿರಾಕಿಗಳು ಬಂದರು. ಎಲ್ಲರೂ ಬಟ್ಟೆ ಕೊಟ್ಟರು, ಅಳತೆ ಕೊಟ್ಟರು, ಹೋದರು. ಕೊನೆಗೆ ಒಬ್ಬ ವಯಸ್ಸಾದವರು. ಮಣೆ ಹತ್ತಿ ನಿಂತು, ಸೊಂಟ ಹಿಡಿಸಿಕೊಳ್ಳುತ್ತ, "ಏನ್ ಗೊತ್ತಾ ತಾಯಿ, ಮನೇಲಿ ಈಗ ನಾನೊಬ್ಬನೇ..." ಎಂದು ಶುರು ಮಾಡಿದರು. ಕನ್ನಡಿಯಲ್ಲಿ ನನ್ನನ್ನು ಕಂಡರು. ನಿಲ್ಲಿಸಿದರು.

"ಇವರು?"

"ನನ್ನ ತಂಗಿ."

"ಪುಸ್ತಕ ಬರೀತಾರಲ್ಲ, ಅವರಾ?"

ಅಕ್ಕ ಹೌದೆನ್ನುವಂತೆ ತಲೆ ಆಡಿಸಿದಳು.

"ಓಹೋ. ಸಂತೋಷ. ಹಾಗೇ ಎರಡು ಇಂಚು ಒಳಗೆ ಹಿಡಿದುಬಿಡಿ ಸಾಕು."

ಆಮೇಲೆ ಒಂದು ಮಾತಿಲ್ಲ. ಅವರು ಹೋದ ಮೇಲೆ ನಾನು ಎದ್ದು ಬಾಗಿಲ ಬಳಿ ಹೋಗಿ ನಿಂತೆ. ಬೆನ್ನ ಹಿಂದೆ ಅಕ್ಕ ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಫೋನಲ್ಲಿ ನಿಂಗೆ ನಾನೇನೋ ಮುಚ್ಚಿಡ್ತಾ ಇದೀನಿ ಅಂದ್ಕೊಂಡಿದೀಯ. ಮುಚ್ಚಿಡೋಕೆ ಏನಿದೆಯೇ? ಹೇಳೋರೇ ಇಲ್ಲ. ಮೊದಲು ಒಂದು ಜಿಪ್ ಹಾಕ್ಸೋಕೆ ಬಂದೋರು ಅರ್ಧ ಗಂಟೆ ಕೂತಿರೋರು. ಈಗ ಬರ್ತಾರೆ, ಇಂಚು ಹೇಳ್ತಾರೆ, ಹೋಗ್ತಾರೆ. ಎಲ್ಲ ಮಾಮೂಲು ಅಂದ್ನಲ್ಲ, ನಿಜಾನೇ ಹೇಳಿದ್ದು."

ಎರಡು ತಿಂಗಳಿಂದ ಅವಳು ನನಗೆ ಶಿಕ್ಷೆ ಕೊಡುತ್ತಿದ್ದಾಳೆ ಎಂದುಕೊಂಡಿದ್ದೆ. ನನ್ನ ಡ್ರಾಯರ್ ಖಾಲಿಯಾಯಿತು ಎಂದು ಅಳುತ್ತಿದ್ದೆ. ಅವಳ ಇಡೀ ದಿನ ಖಾಲಿಯಾಗಿದೆ ಎಂಬುದು ತಲೆಗೇ ಬಂದಿರಲಿಲ್ಲ. ಆ ಕೋಣೆಯಲ್ಲಿ ಹತ್ತು ಗಂಟೆ ಒಬ್ಬಳೇ ಕೂರುವವಳಿಗೆ ಜನರ ಮಾತೇ ಜೊತೆ. ಅದನ್ನು ನಾನು ತೆಗೆದುಬಿಟ್ಟೆ.

"ತಪ್ಪಾಯ್ತು ಅಕ್ಕ."

"ಹೂಂ."

"ನೀನು ಬೇಡ ಅಂದಿದ್ದೆ."

"ಅಂದಿದ್ದೆ. ಕಾರ್ಡು ಬರೆದ್ಯಾ ಅವತ್ತು?"

"ಬರೆದೆ. ಹಿಂದುಗಡೆ ಬಳಸಬಾರದು ಅಂತಾನೂ ಬರೆದೆ."

ಅಕ್ಕ ನಕ್ಕಳು. ಎರಡು ತಿಂಗಳಲ್ಲಿ ಮೊದಲ ನಗು. ಕೇಳಲು ಹಿತವಾಗಿರಲಿಲ್ಲ.

"ಕಳ್ಳನೇ ಕನ್ನ ಹಾಕೋ ಮನೆ ಬಾಗಿಲಿಗೆ ಕಳ್ಳತನ ಮಾಡಬಾರದು ಅಂತ ಬೋರ್ಡ್ ಬರೆದ ಹಾಗಾಯ್ತು" ಎಂದಳು. "ಆ ಹೆಂಗಸಿಗೆ ಕಾಗದ ಗೀಗದ ಬರೀಬೇಡ ಮತ್ತೆ. ನೀನು ಕ್ಷಮೆ ಕೇಳಿದ್ರೂ ಚೆನ್ನಾಗಿ ಕೇಳ್ತೀಯ."

ನಾಲ್ಕು ಸಲ ಬರೆದು ಹರಿದದ್ದನ್ನು ಹೇಳಲಿಲ್ಲ.

ಫೆಬ್ರವರಿ 22, ಶನಿವಾರ. ಸಂಜೆ 6

ಉಪನ್ಯಾಸ ಮುಗಿಸಿ ಬಂದೆ. ಹಳೆಯ ಟಿಪ್ಪಣಿಯನ್ನೇ ಓದಿದೆ — ನಡಿಗೆ, ಕಿಟಕಿ, ಕನಸು. ಎಲ್ಲರೂ ಬರೆದುಕೊಂಡರು.

ಪ್ರಶ್ನೆಗಳ ಹೊತ್ತಿನಲ್ಲಿ ಎರಡನೆಯ ಸಾಲಿನ ಹುಡುಗಿ ಎದ್ದಳು. "ಮೇಡಂ, ಆ ಹೊಲಿದ ಜೇಬು ನಿಮಗೆ ಹೇಗೆ ಹೊಳೀತು?"

ಸಂದರ್ಶನಗಳಲ್ಲಿ ಇದಕ್ಕೊಂದು ಸಿದ್ಧ ಉತ್ತರ ಇದೆ. ಒಂದು ದಿನ ಬಟ್ಟೆ ಮಡಿಸುವಾಗ ತಟ್ಟನೆ ಹೊಳೆಯಿತು ಎಂದು. ಬಾಯಿಯವರೆಗೆ ಬಂತು.

"ನನಗೆ ಹೊಳೆದದ್ದಲ್ಲ" ಎಂದೆ. "ಅದು ಇನ್ನೊಬ್ಬರದು. ಬೇಡ ಎಂದಿದ್ದರು. ಆದರೂ ತೆಗೆದುಕೊಂಡೆ. ತೆಗೆದುಕೊಳ್ಳಬಾರದಿತ್ತು."

ಆಮೇಲೆ ಚಪ್ಪಾಳೆ. ಪ್ರಾಧ್ಯಾಪಕರು ಮೈಕು ತೆಗೆದುಕೊಂಡು, ಎಂಥ ವಿನಯ ನೋಡಿ, ಕಲೆಯೆಲ್ಲ ಬದುಕಿನಿಂದ ಕದ್ದದ್ದೇ ಎಂದು ಎಷ್ಟು ಸೊಗಸಾಗಿ ಹೇಳಿದರು ಎಂದರು. ನಾನು ಹಾಗಲ್ಲ ಅನ್ನಲು ಹೋದೆ. ಅಷ್ಟರಲ್ಲಿ ವಂದನಾರ್ಪಣೆ ಶುರುವಾಗಿತ್ತು.

ನಿಜ ಹೇಳಿದರೂ ಮೆಚ್ಚುಗೆಯೇ ಸಿಗುವ ಜಾಗಕ್ಕೆ ಬಂದು ಕೂತಿದ್ದೇನೆ. ಆ ಹುಡುಗಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಅರ್ಥವಾಯಿತು ಅನಿಸುತ್ತದೆ.

ಮಾರ್ಚ್ 8, ಶನಿವಾರ

ಸಂಪಾದಕಿ ಬರಹೇಳಿದ್ದರು. ಪ್ರತಿಗಳು ಮುಗಿದಿವೆ, ಎರಡನೆಯ ಮುದ್ರಣ. ಜೇಬನ್ನು ತೆಗೆಯುತ್ತೇನೆ ಎಂದೆ.

"ತೆಗೆದು ಏನಿಡ್ತೀರಿ?"

ಅಲ್ಲೇ ಕೂತು ಕರಡಿನ ಮೇಲೆ ಗೆರೆ ಎಳೆಯುತ್ತ ಹೋದೆ. ಮೂವತ್ತು ವರ್ಷ ಬೇರೆಯವರ ಕರಡಿಗೆ ಎಳೆದ ಕೈ. ಜೇಬು ಹೋದಾಗ ಕೋಟು ಹೋಯಿತು. ಕೋಟು ಹೋದಾಗ ಮಗಳು ಮನೆಗೆ ಬರುವುದಕ್ಕೆ ಕಾರಣವೇ ಉಳಿಯಲಿಲ್ಲ. ನೂರನೆಯ ಪುಟದ ಹೊತ್ತಿಗೆ ಉಳಿದದ್ದು ಒಂದು ಬಂದರು, ಎರಡು ಹಡಗು.

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಮೇಡಂ" ಎಂದರು ಸಂಪಾದಕಿ, ಮೃದುವಾಗಿಯೇ. "ಓದಿದೋರ ತಲೆಯಿಂದ ತೆಗೆಯೋಕಾಗುತ್ತಾ?"

ಆಗುವುದಿಲ್ಲ. ಹಾಗಾದರೆ ಮುದ್ರಣವೇ ಬೇಡ ಎಂದೆ. ಬರೆದುಕೊಡಿ ಎಂದರು. ಬರೆದುಕೊಟ್ಟೆ. ಒಂದೇ ವಾಕ್ಯ. ಇಷ್ಟು ದಿನದಲ್ಲಿ ನಾನು ಬರೆದ ಒಂದೇ ನೆಟ್ಟಗಿನ ವಾಕ್ಯ ಅದು.

ಮನೆಗೆ ಬಂದು ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಮಿಷನ್ ಸದ್ದಿನ ಮೇಲೆ "ಹೌದಾ" ಎಂದಳು. ಹಿಂದಿನಿಂದ ಭಾವನ ದನಿ — ಅಂಗಡಿಗೆ ಕಾಫಿ ತಂದಿದ್ದರಂತೆ — "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು." ಅಕ್ಕ ಅವರನ್ನು ಸುಮ್ಮನಿರಿಸಿದಳು. ನನ್ನ ಪರವಾಗಿ ಅಷ್ಟಾದರೂ ಮಾಡಿದಳು ಎಂದು ಖುಷಿಪಟ್ಟುಕೊಂಡೆ. ಇಂಥ ಸಣ್ಣದಕ್ಕೆಲ್ಲ ಖುಷಿಪಡುವ ಸ್ಥಿತಿ.

ಮಾರ್ಚ್ 10, ಸೋಮವಾರ. 4:40

ಹೊಸ ಉಪಾಯ. ಅವಳಿಗೆ ಹೇಳುವವರಿಲ್ಲ ಎಂದರೆ ನಾನೇ ಹೇಳಿದರಾಯಿತು.

ಪ್ರೆಸ್ಸಿನ ಮ್ಯಾನೇಜರು ಮತ್ತು ಬೈಂಡರು ಒಂದು ಕುರ್ಚಿಗಾಗಿ ಜಗಳವಾಡಿ ಹದಿನೈದು ದಿನದಿಂದ ಚೀಟಿ ಬರೆದು ಮಾತಾಡುತ್ತಿರುವುದನ್ನು ಹೇಳಿದೆ. ಹಿನ್ನೆಲೆ ಹೇಳಿದೆ, ಸ್ವಭಾವ ಹೇಳಿದೆ, ಕುರ್ಚಿಯ ವಿಷಯಕ್ಕೆ ಬರುವಷ್ಟರಲ್ಲಿ ಅಕ್ಕ ಆಕಳಿಸಿದಳು.

"ಎಷ್ಟು ಸುತ್ತಿ ಬಳಸಿ ಹೇಳ್ತೀಯೆ. ಮೊದಲು ಬಟ್ಟೆ ಹೇಳು, ಆಮೇಲೆ ಆಳು. ಕುರ್ಚಿ ಹೇಗಿತ್ತು, ಅದನ್ನ ಹೇಳು."

ಹೇಳಿದೆ. ಒಂದು ಕೈ ಮುರಿದದ್ದು, ದಾರ ಸುತ್ತಿ ಕಟ್ಟಿದ್ದು. ಯಾರು ಕಟ್ಟಿದ್ದು ಎಂದು ಕೇಳಿದಳು. ಬೈಂಡರು ಎಂದೆ. "ಹಾಗಾದ್ರೆ ಕುರ್ಚಿ ಅವನದೇ ಬಿಡು" ಎಂದಳು. ತೀರ್ಪು ಮುಗಿಯಿತು.

ಮೂರು ಕಾದಂಬರಿ ಬರೆದವಳಿಗೆ ಇದು ಗೊತ್ತಿರಲಿಲ್ಲ. ಮೊದಲು ಬಟ್ಟೆ, ಆಮೇಲೆ ಆಳು. ನನ್ನ ಪುಸ್ತಕಗಳಲ್ಲಿ ಜನ ಮೆಚ್ಚಿದ್ದೆಲ್ಲ ಬಟ್ಟೆಯ ಭಾಗ. ಆಳನ್ನು ಸೇರಿಸಿದ್ದು ಮಾತ್ರ ನಾನು.

ಮಾರ್ಚ್ 22, ಶನಿವಾರ

ಡ್ರಾಯರನ್ನೇ ಕಿತ್ತು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ. ಬಸ್ಸಿನಲ್ಲಿ ಪಕ್ಕದವರು, ಮನೆ ಬದಲಾಯಿಸ್ತಾ ಇದೀರಾ ಎಂದು ಕೇಳಿದರು.

"ಇದನ್ನ ನಾನೇನು ಮಾಡ್ಲಿ?" ಎಂದಳು ಅಕ್ಕ.

"ನಿನ್ನದು."

"ನನಗ್ಯಾಕೆ? ನನಗೆಲ್ಲ ನೆನಪಿದೆ." ಆದರೂ ಕೌಂಟರಿನ ಕೆಳಗೆ ಜಾಗ ಮಾಡಿದಳು. ಕತ್ತರಿಗಳ ಪಕ್ಕ. ಮೊದಲ ಕಾರ್ಡು ತೆಗೆದು ಕಣ್ಣಿನ ಹತ್ತಿರ ಹಿಡಿದು ಓದಿದಳು. ಮುಖ ಸಿಂಡರಿಸಿದಳು. "ಅಕ್ಷರ ಇನ್ನೂ ಹಾಗೇ ಇದೆ, ಕೋಳಿ ಕೆರೆದ ಹಾಗೆ."

ಉದ್ದ ತೋಳಿನವರ ಕಾರ್ಡು ಎಲ್ಲಿದೆ ಎಂದು ಕೇಳಿದಳು. ತೋರಿಸಿದೆ. ಮುಂದೆ ನೋಡಿದಳು, ಹಿಂದೆ ನೋಡಿದಳು. ಕತ್ತರಿಸಲಿಲ್ಲ. ತನ್ನ ಪಿನ್ನಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಹಾಕಿದಳು.

ಗುಂಡಿ ಹೊಲಿದೆ. ಈ ಸಲ ಒಂದನ್ನೂ ಕೀಳಲಿಲ್ಲ. ಅಥವಾ ನಾನು ಹೋದ ಮೇಲೆ ಕಿತ್ತಿರಬಹುದು.

ಏಪ್ರಿಲ್ 2, ಬುಧವಾರ. 4:30

"ನಿನ್ನ ಕಾರ್ಡಲ್ಲಿ ಕಂದು ಕೋಟಿಗೆ ಅರ್ಧ ಇಂಚು ಅಂತ ಬರ್ಕೊಂಡಿದೀಯ. ಕಾಲು ಇಂಚು ಅದು. ವರ್ಷಕ್ಕೆ ಅರ್ಧ ಇಂಚು ಇಳಿದಿದ್ರೆ ಅವರು ಇಷ್ಟು ಹೊತ್ತಿಗೆ ಇರ್ತಾನೇ ಇರ್ಲಿಲ್ಲ."

"ಪುಸ್ತಕದಲ್ಲೂ ಅರ್ಧ ಇಂಚೇ ಇದೆ ಅಕ್ಕ."

"ಗೊತ್ತು. ಓದಿದಾಗಲೇ ಅನ್ಕೊಂಡೆ. ಹೋಗ್ಲಿ ಕೂಸು ಅಂತ ಬಿಟ್ಟೆ."

ಮಧ್ಯಾಹ್ನ ಗಿರಾಕಿ ಇಲ್ಲದಾಗ ಕಾರ್ಡು ಓದುತ್ತಾಳಂತೆ. ಇಪ್ಪತ್ತೆರಡು ತಪ್ಪು ಸಿಕ್ಕಿವೆಯಂತೆ. ಕಂದು ಕೋಟು ಹೋದ ವಾರ ಬಂದಿದ್ದರಂತೆ, ಬಟ್ಟೆ ಹಿಗ್ಗಿದೆ ಎಂದರಂತೆ. "ಅವರಿಗೆ ಪುಸ್ತಕ ಗಿಸ್ತಕ ಗೊತ್ತಿಲ್ಲ ಪಾಪ. ಹತ್ತು ನಿಮಿಷ ಕೂತಿದ್ರು" ಎಂದಳು. ದನಿಯಲ್ಲಿ ಸಣ್ಣ ಗೆಲುವು.

ಮಿಷನ್ ಓಡುತ್ತಲೇ ಇತ್ತು. ಆದರೂ ಹದಿನೆಂಟು ನಿಮಿಷ ಮಾತಾಡಿದೆವು. ಬಿಸಿಲಿನ ಸುದ್ದಿ ಬರಲೇ ಇಲ್ಲ.

ಏಪ್ರಿಲ್ 14, ಸೋಮವಾರ. ಸಂಜೆ 5

ನಾಲ್ಕಕ್ಕೆ ಫೋನು. ಊಟ ಆಯಿತು, ಮಂಡಿ ಇದೆ, ಭಾವ ಇದ್ದಾರೆ. ಬೈಂಡರಿಗೆ ಕುರ್ಚಿ ಸಿಕ್ಕಿತು ಎಂದು ಹೇಳಿದೆ. "ನಾನು ಅವತ್ತೇ ಹೇಳಿರ್ಲಿಲ್ವಾ" ಎಂದಳು. ಹಿಂದೆ ಉದ್ದನೆಯ ಹೊಲಿಗೆಯೊಂದು ಓಡುತ್ತಿತ್ತು.

ಸದ್ದು ನಿಂತಿತು.

ಲೈನ್ ಹೋಯಿತು ಅಂದುಕೊಂಡೆ. ಹಲೋ ಅನ್ನಲು ಬಾಯಿ ತೆರೆದೆ. ಮೇಲಿನ ಡಾಕ್ಟರ ಮೆಟ್ಟಿಲ ಮೇಲೆ ಯಾರೋ ಇಳಿಯುವುದು ಕೇಳಿಸಿತು. ಲೈನ್ ಇತ್ತು.

"ಬಾಲ, ಇದೀಯಾ?"

"ಇದೀನಿ." ಮತ್ತೊಮ್ಮೆ ಹೇಳಿದೆ.

"ಕಾರ್ಡ್ ಇದೆಯಾ ಕೈಲಿ?"

"ಡ್ರಾಯರೇ ನಿನ್ನ ಹತ್ರ ಇದೆಯಲ್ಲ."

"ಹೌದಲ್ವಾ." ಕುರ್ಚಿ ಎಳೆದ ಸದ್ದು. "ಇವತ್ತು ಉದ್ದ ತೋಳಿನವರು ಬಂದಿದ್ರು."

ಪೂರ್ತಿ ಹೇಳಿದಳು. ಏನು ತಂದಿದ್ದರು, ಏನು ಮಾಡಿಕೊಡಿ ಎಂದರು, ಮಣೆಯ ಮೇಲೆ ಕೂತು ಎಷ್ಟು ಹೊತ್ತು ಮಾತಾಡಿದರು, ನನ್ನ ಬಗ್ಗೆ ಒಂದು ಮಾತು ಏನು ಕೇಳಿದರು, ಅದಕ್ಕೆ ಅಕ್ಕ ಏನು ಹೇಳಿದಳು. ಇಪ್ಪತ್ತೈದು ನಿಮಿಷ. ಮಿಷನ್ ಒಂದು ಸಲವೂ ಓಡಲಿಲ್ಲ. ನಾನು ಗೋಡೆಗೆ ಒರಗಿ ನಿಂತು ಕೇಳಿದೆ, ಕೊನೆಕೊನೆಗೆ ನೆಲದ ಮೇಲೆ ಕೂತುಬಿಟ್ಟಿದ್ದೆ. ಅಕ್ಕನೂ ಮೂಗೊರೆಸಿಕೊಂಡಳು ಅನಿಸುತ್ತದೆ. ಎಂದಿನಂತೆ ಕಥೆಗೆ ಕೊನೆ ಇಲ್ಲ. ಅವರು ಮನೆಗೆ ಹೋದ ಮೇಲೆ ಏನಾಯಿತು ಅಕ್ಕನಿಗೆ ಗೊತ್ತಿಲ್ಲ.

ಇದು ಡ್ರಾಯರಿಗಲ್ಲ ಎಂದು ಈ ಸಲ ಹೇಳಲಿಲ್ಲ. ಹೇಳಬೇಕಾಗಿಲ್ಲ ಅಂದುಕೊಂಡಳೋ, ಹೇಳಿ ಪ್ರಯೋಜನವಿಲ್ಲ ಅಂದುಕೊಂಡಳೋ. ನಾನು ಕೇಳಲಿಲ್ಲ.

ಈಗ ಮೇಜಿನ ಮುಂದೆ ಕೂತಿದ್ದೇನೆ. ಎಡಗಡೆ ಡ್ರಾಯರ್ ಇದ್ದ ಜಾಗ ತೂತಾಗಿದೆ. ಎಲ್ಲ ಮಾತೂ ಇನ್ನೂ ಕಿವಿಯಲ್ಲಿದೆ, ಒಂದು ಅಕ್ಷರ ಹೋಗಿಲ್ಲ. ನಾಳೆಗೆ ಹೋಗುತ್ತದೆ. ಇದೇನು ಪುಸ್ತಕವಲ್ಲ, ಕಾರ್ಡೂ ಅಲ್ಲ, ಬರೀ ದಿನಚರಿ. ಮೊದಲು ಬಟ್ಟೆ ಹೇಳು, ಆಮೇಲೆ ಆಳು ಎಂದಿದ್ದಾಳಲ್ಲ ಅಕ್ಕ. ಸರಿ, ಮೊದಲು ಬಟ್ಟೆ. ಅವರು ಇವತ್ತು ಚೀಲದಿಂದ ತೆಗೆದು ಕೌಂಟರ್ ಮೇಲೆ ಇಟ್ಟದ್ದು ಒಂದು —